ಕ್ರ್ಯಾಶ್ ಗೋಪೀನಾಥ

ಅತ್ತಿಗುಪ್ಪೆಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ನಾನು ಭಾವಗೀತೆ ಹಾಡಿ ರೆಕಾರ್ಡ್ ಮಾಡುವಾಗಲೆಲ್ಲ ಕಂಪ್ಯೂಟರ್ ನಿಂತುಹೋಗುತ್ತದೆ. ಆಗ ರಿಪೇರಿಗೆ ಬರುವವನು ಬಡಾವಣೆಯಲ್ಲೆಲ್ಲ ಕ್ರ್ಯಾಶ್ ಗೋಪೀನಾಥನೆಂದೇ ಹೆಸರಾದವನು. ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾನು ಎಷ್ಟು ಗುದ್ದಾಡಿದರೂ ಏಳದ ಸಾಫ್ಟ್‌ವೇರ್, ಅವನ ಸ್ಕೂಟರ್ ಸದ್ದು ಗೇಟಿನ ಬಳಿ ಕೇಳಿದೊಡನೆ ಮಾವನ ಮನೆಗೆ ಬಂದ ಹೊಸ ಅಳಿಯನಂತೆ ಸಭ್ಯವಾಗಿಬಿಡುತ್ತದೆ. ನನಗೆ ಆರಿದ ಕಾಫಿ ಕೊಡುವ ಹೆಂಡತಿ ಮೇಧಾ ಅವನಿಗೆ ನೊರೆಯುಕ್ಕಿಸಿ ತರುತ್ತಾಳೆ. "ಆಯುಧಪೂಜೆ ಕುಂಕುಮಾನ ಯುಎಸ್‌ಬಿ ತೂತಿಗೂ ಇಟ್ಟಿದೀರಲ್ಲ ಸಾರ್, ಅದೇನು ಮುತ್ತೈದೆನಾ?" ಎನ್ನುತ್ತ ಬ್ರಷ್‌ನಿಂದ ಕೆರೆಯುತ್ತಾನೆ; ಆಮೇಲೆ ವಿಂಡೋಸ್‌ನ ಹಳೆಯ ಆಡಿಯೋ ಡ್ರೈವರ್ ತೆಗೆದು ಹೊಸದು ಹಾಕಿ, ದನಿಗೆ ಮೆರುಗು ಬರಲೆಂದು ನಾನು ಪುಕ್ಕಟೆ ಇಳಿಸಿಕೊಂಡ ಪ್ಲಗಿನ್‌ಗಳನ್ನೆಲ್ಲ ಕಿತ್ತೆಸೆಯುತ್ತಾನೆ. "ಸೇವ್ ಮಾಡಿದ್ರಾ?" ಎಂದು ಪ್ರತಿ ಸಲ ಕೇಳುತ್ತಾನೆ. ಇಲ್ಲವೆಂದರೆ, "ಹಾಡೋದಕ್ಕಿಂತ ಮುಂಚೆ ಅದನ್ನ ಕಲೀರಿ ಸಾರ್." ಕೊನೆಗೆ ನಮ್ಮನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು ಮೈಕ್ ಪರೀಕ್ಷಿಸಿ, ರೆಕಾರ್ಡ್ ಆದದ್ದನ್ನು ಅಳಿಸಿ ಹೋಗುವುದು ಅವನ ಪದ್ಧತಿ. ಮೊನ್ನೆ ಅಳಿಸಲು ಮರೆತಿದ್ದ. ಪ್ಲೇ ಒತ್ತಿದೆ. "ಚೆಕ್, ಚೆಕ್" ಎಂದ ಅವನ ಧ್ವನಿ ಹಾಗೆಯೇ ನನ್ನದೇ ಹಾಡಿನ ಪಲ್ಲವಿಯನ್ನು ಎತ್ತಿಕೊಂಡಿತು. ನಾನು ತಿಂಗಳೆಲ್ಲ ತಿಣುಕಿದರೂ ಮುಟ್ಟಲಾಗದ ಮೇಲಿನ ಸ್ವರದಲ್ಲಿ ಆರಾಮವಾಗಿ ಹೋಗಿ ಕೂತಿತು. ನನಗೆ ಮೈಯೆಲ್ಲ ಉರಿಯಿತು. ಅಳಿಸಿಬಿಡೋಣವೆಂದು ಮೌಸ್ ಹಿಡಿದೆ. ಅಷ್ಟರಲ್ಲಿ, ಪ್ರತಿ ಸಲ ನಿಂತುಹೋಗುವ ಮುಂಚೆ ನಡುಗುವಂತೆ, ಪರದೆ ಒಮ್ಮೆ ನಡುಗಿತು. ಅಳಿಸುವುದನ್ನು ಬಿಟ್ಟು, ಜನ್ಮದಲ್ಲಿ ಮೊದಲ ಸಲ ಸೇವ್ ಒತ್ತಿದೆ.