ಎಕ್ಸ್‌ಪೋರ್ಟ್ ಬಟ್ಟೆಗೆ ನಮ್ಮವರ ಚಾಕ್

ನಮ್ಮವರು ತೀರಿಹೋಗಿ ನಾಲ್ಕು ತಿಂಗಳಾಯಿತು. ಅವರ ಅಂಗಿ ಮಡಿಸುವಾಗ ಈಗಲೂ ನನ್ನ ಹೆಬ್ಬೆರಳು ತಾನಾಗಿ ಬಟ್ಟೆಯ ಮೇಲೆ ಓಡುತ್ತದೆ. ಅದು ಅವರಿಂದ ಬಂದ ಅಭ್ಯಾಸ.

ಮುಂಬಯಿಯ ಪರೇಲ್‌ನ ಬಟ್ಟೆ ಮಿಲ್ಲಿನಲ್ಲಿ ಹದಿನೆಂಟು ವರ್ಷ ಮಗ್ಗ ನಡೆಸಿದವರು. ಎಂಬತ್ತರ ದಶಕದಲ್ಲಿ ಮಿಲ್ಲು ನಿಂತಿತು. ನಾವಿದ್ದ ವಠಾರದ, ಚಾಳಿನ, ಗಂಡಸರು ಮನೆಯಲ್ಲಿ ಕೂತರು, ನಾನು ಅಂಧೇರಿಗೆ ಹೊರಟೆ. ಅಲ್ಲಿ ಪರದೇಶಕ್ಕೆ ಅಂಗಿ ಹೊಲಿದು ಕಳಿಸುವ ಕಾರ್ಖಾನೆಗಳು ಎದ್ದಿದ್ದವು. ಕಡಿಮೆ ಪಗಾರಕ್ಕೆ ಬರುತ್ತೇವೆಂದು ಹೆಂಗಸರನ್ನೇ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು. ನನ್ನದು ಹೊಲಿದ ಅಂಗಿಯಲ್ಲಿ ಉಳಿದ ದಾರದ ತುದಿ ಕತ್ತರಿಸುವ ಕೆಲಸ. ಒಂದು ಅಂಗಿಗೆ ಕಟ್ಟುತ್ತಿದ್ದ ಚೀಟಿಯ ಮೇಲಿನ ಪರದೇಶದ ಬೆಲೆ ನನ್ನ ಅರ್ಧ ತಿಂಗಳ ಪಗಾರದಷ್ಟಿತ್ತು.

ಎರಡು ವರ್ಷದ ಮೇಲೆ ಅಲ್ಲೇ ಕತ್ತರಿಸುವ ಮೊದಲು ಬಟ್ಟೆ ಚೆಕ್ ಮಾಡುವ ಕೆಲಸ ಖಾಲಿಯಾಯಿತು. ಪಗಾರ ನನ್ನದರ ಎರಡರಷ್ಟು. ಅದು ಸಿಕ್ಕರೆ ಮಗಳ ಶಾಲೆ ಬಿಡಿಸಬೇಕಿರಲಿಲ್ಲ. ಮ್ಯಾನೇಜರನನ್ನು ಕಾಡಿಬೇಡಿ ನಮ್ಮವರನ್ನು ಸೇರಿಸಿದೆ.

ಮಿಲ್ಲಿನಲ್ಲಿ ಒಂದು ಎಳೆ ತಪ್ಪಿದರೂ ನೇಕಾರನಿಗೆ ದಂಡ. ಆ ರೂಢಿಯಲ್ಲೇ ಅವರು ಹೆಬ್ಬೆರಳು ಓಡಿಸುತ್ತ ಎಳೆ ತಪ್ಪಿದಲ್ಲೆಲ್ಲ ಚಾಕ್‌ನಿಂದ ಗುರುತು ಹಾಕುತ್ತ ಹೋದರು. ಇಲ್ಲಿ ದೊಡ್ಡ ದೋಷ ಮಾತ್ರ ಹಿಡಿಯಬೇಕೆಂದು ಹೇಳುವುದು ನನಗೂ ಹೊಳೆದಿರಲಿಲ್ಲ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೇ ಕತ್ತರಿಸಲು ಬಟ್ಟೆ ಸಿಗದೆ ಕಟಿಂಗ್ ನಿಂತೇಹೋಯಿತು.

"ಕಾಕಾ, ಇದು ಮಿಲ್ ಅಲ್ಲ. ಹಡಗು ನಿಮಗೋಸ್ಕರ ಕಾಯಲ್ಲ," ಎಂದು ಮ್ಯಾನೇಜರ್ ಹಿಂದಿಯಲ್ಲಿ ಕೂಗಿ ಚಾಕ್ ಕಸಿದುಕೊಂಡ. "ಬೇಕಿದ್ದರೆ ಹೆಂಡತಿ ಪಕ್ಕ ಕೂತು ದಾರ ಕತ್ತರಿಸಿ. ಅವಳಷ್ಟೇ ಪಗಾರ."

ಸ್ಟೇಷನ್ನಿನಿಂದ ಮನೆಗೆ ನಡೆಯುವಾಗ ನನಗೆ ತಡೆಯಲಾಗಲಿಲ್ಲ.

"ಸ್ವಲ್ಪ ಕಣ್ಣ ಮುಚ್ಚಿದ್ರ ಏನಾಗ್ತಿತ್ರೀ?"

"ಕಣ್ಣ ಮುಚ್ಚೇ ನೋಡೀನಿ. ಬಟ್ಟಿ ನೋಡೂದು ಬೆರಳಿಲೆ, ಹುಚ್ಚಿ."

"ಮತ್ತ ಹುಡಿಗಿ ಸಾಲಿ?"



ಮರುದಿನ ಅವರು ನನಗಿಂತ ಮೊದಲೇ ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹೆಂಗಸರ ಬೆಂಚಿನಲ್ಲಿ ನನ್ನ ಪಕ್ಕ ಕೂತು ಕತ್ತರಿ ಹಿಡಿದರು. ಎದುರಿಗಿದ್ದ ಮರಾಠಿ ಗೆಳತಿ, "ಭಾವೋಜಿ, ಬಳೆ ಹಾಕಿಕೊಂಡು ಬರಲಿಲ್ಲವೇ?" ಎಂದು ಕೆಣಕಿದಳು. ನಾನು ತಲೆ ಎತ್ತಲಿಲ್ಲ.

"ಇವಳು ಇನ್ನೂ ಕೊಡಿಸಿಲ್ಲ ತಾಯಿ, ಪಗಾರವಾಗಲಿ," ಎಂದರು ಅವರು, ಅವಳ ಮರಾಠಿಯಲ್ಲೇ.

ಇಬ್ಬರ ಪಗಾರ ಸೇರಿ ಮಗಳು ಶಾಲೆ ಬಿಡಲಿಲ್ಲ. ಅವಳು ಹತ್ತನೆಯದು ಪಾಸಾದ ದಿನ ಅವರು ಇಡೀ ಬೆಂಚಿಗೆ ಪೇಡೆ ಹಂಚಿದರು. ಮ್ಯಾನೇಜರನಿಗೆ ಮಾತ್ರ ಎರಡು ಕೊಟ್ಟರು, ಒಂದು ಕೆಲಸ ಕೊಟ್ಟದ್ದಕ್ಕೆ, ಇನ್ನೊಂದು ಚಾಕ್ ಕಸಿದದ್ದಕ್ಕೆ.