ಯಾದಗಿರಿಯಲ್ಲಿ ಇಳಿದ ಬಿ.ಎ. ವಿದ್ಯಾರ್ಥಿ

ವಾಡಿಯಲ್ಲಿ ಗಾಡಿ ಬದಲಿಸಿದಾಗ ನನ್ನೆದುರು ಬಂದು ಕೂತವನು ಭೀಮಣ್ಣ, ಹತ್ತಿಕುಣಿಯ ಕುರಿಗಾರರ ಮಗ. ಹೈದರಾಬಾದಿನ ಒಂದು ಖಾಸಗಿ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದನಂತೆ. ಆ ಕಾಲೇಜು ಕಟ್ಟುವಾಗ ಈ ಕಡೆಯ ಹಳ್ಳಿಗಳಲ್ಲೂ ಚಂದಾ ಎತ್ತಿದ್ದರು. ಅವನಪ್ಪ ಒಂದು ಟಗರು ಮಾರಿ ಕೊಟ್ಟಿದ್ದ. ಈಗ ಹೈದರಾಬಾದ್ ರಾಜ್ಯ ಭಾಷೆಯ ಪ್ರಕಾರ ಹಂಚಿಹೋದ ಮೇಲೆ, ಬೇರೆ ರಾಜ್ಯದವರಿಗೆ ಪುಕ್ಕಟೆ ಹಾಸ್ಟೆಲ್ ಇಲ್ಲವೆಂದು ಆಡಳಿತ ಮಂಡಳಿ ಹೇಳಿಬಿಟ್ಟಿತು. ದುಡ್ಡು ಕಟ್ಟಿ ಇರಲಾಗದೆ ಅವನು ಓದು ಬಿಟ್ಟು ಊರಿಗೆ ಹೊರಟಿದ್ದ.

“ಊರು ಮೈಸೂರಿಗಿ ಹೋತು, ಕಾಲೇಜು ಆಂಧ್ರಕ್ಕ ಹೋತು. ನಾ ನಡುವ ಉಳದೀನ್ರಿ,” ಎಂದ.

ಆಮೇಲೆ ಹಾಸ್ಟೆಲ್ಲಿನ ನಾಟಕ, ಉರ್ದು ಮಾಸ್ತರರ ಶಾಯರಿ, ತೆಲುಗು ಗೆಳೆಯರ ಖಾರದ ಉಪ್ಪಿನಕಾಯಿ ಎಂದು ಹೇಳುತ್ತಲೇ ಇದ್ದ. ಯಾದಗಿರಿ ಹತ್ತಿರವಾದಂತೆ ಸೀಟಿನ ಕೆಳಗಿದ್ದ ಟ್ರಂಕನ್ನು ಬಾಗಿಲ ಬಳಿಗೆ ಎಳೆದುಕೊಂಡ.

ಶಹಾಪುರದ ಬಸ್ಸು ಹಿಡಿಯಬೇಕಿದ್ದ ನಾನೂ ಅಲ್ಲೇ ಇಳಿದೆ. ಪ್ಲಾಟ್‌ಫಾರಂನಲ್ಲಿ ಅವನಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕಾಯುತ್ತಿದ್ದ.

“ನಮ್ಮ ಹುಡುಗ ಬಿ.ಎ. ಓದಾಕತ್ಯಾನ್ರಿ ಸಾಹೇಬ್ರ,” ಎಂದು ನನಗೆ ಹೆಮ್ಮೆಯಿಂದ ಹೇಳಿ, ಟ್ರಂಕನ್ನು ತಾನೇ ತಲೆಯ ಮೇಲೆ ಹೊತ್ತುಕೊಂಡ. “ಭಾಳ ವಜ್ಜ ಅದಲ್ಲೋ! ರಜಾಕ್ಕ ಬರೂವಾಗ ಇಷ್ಟೆಲ್ಲ ಪುಸ್ತಕ ಯಾಕ ತಂದಿ?”

“ಓದಾಕ ಬೇಕಪ್ಪ,” ಎಂದ ಭೀಮಣ್ಣ, ನನ್ನ ಕಡೆ ನೋಡದೆ.