ಓದೋ ಅಕ್ಕ ಉಡದ ಸೀರೆ

ಮೊನ್ನೆ ಅಡುಗೆಮನೆಯಲ್ಲಿ ಸೊಸೆ ಗಿಟುಕು ಒಡೆದಳು. ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿಯ ಕರಟ ಬಿಟ್ಟುಕೊಂಡು ಉಂಡೆ ಕೊಬ್ಬರಿ ಹೊರಗೆ ಬರುವಾಗ ಒಂದು ವಾಸನೆ ಇರುತ್ತದೆ. ಅದು ಎಣ್ಣೆಯದೂ ಅಲ್ಲ, ಹೊಗೆಯದೂ ಅಲ್ಲ. ಹೊಳಲ್ಕೆರೆಗೆ ಸೊಸೆಯಾಗಿ ಬಂದು ಮೊಮ್ಮಕ್ಕಳನ್ನು ಕಂಡ ಮುದುಕಿ ನಾನು. ಆದರೂ ಆ ವಾಸನೆ ಮೂಗಿಗೆ ಬಿದ್ದರೆ ಹಿರಿಯೂರಿನ ನಮ್ಮ ತವರಿನ ಅಂಗಳದಲ್ಲಿ ಕೂತಿರುತ್ತೇನೆ. ಅಲ್ಲಿ ಕೂತ ಮೇಲೆ ಅಕ್ಕನ ದನಿ ಕೇಳದೆ ಇರುವುದಿಲ್ಲ.

ಅಕ್ಕ ನನ್ನ ಒಡಹುಟ್ಟಿದವಳಲ್ಲ, ಪಕ್ಕದ ಮನೆಯವಳು. ಊರೆಲ್ಲ ಅವಳನ್ನು ಓದೋ ಅಕ್ಕ ಅನ್ನುತ್ತಿತ್ತು. ಮಹಾರಾಜರ ಕಾಲ, ಹುಡುಗಿಯರ ಶಾಲೆ ನಮ್ಮ ಕಡೆಗೆ ಇನ್ನೂ ಹೊಸದು. ನಮ್ಮ ಬೀದಿಯಲ್ಲಿ ತಡವರಿಸದೆ ಪುಸ್ತಕ ಓದಬಲ್ಲ ಹೆಂಗಸು ಅವಳೊಬ್ಬಳೇ.

ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಮಧ್ಯಾಹ್ನ ಊಟವಾದ ಮೇಲೆ ಬೀದಿಯ ಹೆಂಗಸರು ಅಂಗಳಕ್ಕೆ ಬಂದು ಗಿಟುಕು ಒಡೆಯುತ್ತಿದ್ದರು. ಅಕ್ಕ ಮತ್ತು ಅವಳ ಅವ್ವ ಕೂಡ ಬರುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ಅವರಿಬ್ಬರೇ. ಆದರೆ ಅಕ್ಕ ಮಚ್ಚು ಮುಟ್ಟಿದ್ದನ್ನು ನಾನು ಕಂಡಿಲ್ಲ. "ಅವಳ ಪಾಲಿಂದೂ ನಾನೇ ಒಡೀತೀನಿ, ಅವಳು ಓದ್ಲಿ ಬಿಡ್ರಿ" ಅನ್ನುತ್ತಿದ್ದಳು ಅವಳ ಅವ್ವ. ಒಂದಕ್ಷರ ಬಾರದ ಆ ಹೆಂಗಸಿಗೆ ಮಗಳ ಓದೆಂದರೆ ಅದೆಂಥ ಹೆಮ್ಮೆ... ನೆರಳು ನೋಡಿ ಮಗಳಿಗೆ ಚಾಪೆ ಹಾಸಿ, ತಾನು ಬಿಸಿಲಿಗೆ ಕೂರುತ್ತಿದ್ದಳು.

ಅಕ್ಕ ಓದುತ್ತಿದ್ದ ಕತೆಗಳಲ್ಲಿ ಊರು ಬದಲಾಗುತ್ತಿತ್ತು, ಹೆಂಗಸು ಮಾತ್ರ ಬದಲಾಗುತ್ತಿರಲಿಲ್ಲ. ಗಂಡ ಬಿಟ್ಟು ಹೋಗುತ್ತಾನೆ, ಇವಳು ಕಾಯುತ್ತಾಳೆ. ಅವನು ಇನ್ನೊಬ್ಬಳ ಜತೆ ಮೆರೆದು, ರೋಗ ಹಿಡಿಸಿಕೊಂಡು, ಕೊನೆಗೆ ಬಾಗಿಲಿಗೆ ಬರುತ್ತಾನೆ. ಇವಳು ಕಾಲು ತೊಳೆದು ಒಳಗೆ ಕರೆಯುತ್ತಾಳೆ, ಊರು ಕೊಂಡಾಡುತ್ತದೆ. ತಾಳ್ಮೆಗೆಟ್ಟು ಬೇರೆ ದಾರಿ ಹಿಡಿದವಳು ಯಾರಾದರೂ ಕತೆಯೊಳಗೆ ಬಂದಳೋ, ಪುಟ ತಿರುಗಿಸುವಷ್ಟರಲ್ಲಿ ಬಾವಿಯ ಪಾಲು.

"ಕಾಲು ತೊಳದ್ಲಾ? ನಾನಾಗಿದ್ರೆ ಆ ನೀರು ಕುದಿಸಿ ಹುಯ್ತಿದ್ದೆ" ಎಂದು ಯಾರೋ ಅಂದರೆ ಅಂಗಳವೆಲ್ಲ ನಗುತ್ತಿತ್ತು. ಅಕ್ಕನಿಗೆ ಸಿಟ್ಟು ಬರುತ್ತಿತ್ತು. "ಕತೆ ಕೆಡಿಸ್ಬೇಡ್ರಿ, ಮುಂದೆ ಐತೆ ಕೇಳ್ರಿ" ಎಂದು ಗದರಿಸುತ್ತಿದ್ದಳು. ನಮಗೆ ಅದು ಹೊತ್ತು ಕಳೆಯುವ ಮಾತು. ಅವಳಿಗೆ ಹಾಗಿರಲಿಲ್ಲ, ಅವಳೂ ಗಂಡ ಬಿಟ್ಟವಳೇ.

ಅವಳ ಗಂಡ ಚಿಕ್ಕಜಾಜೂರಿನ ಕಡೆ ರೈಲು ಹಾದಿಯ ಕೆಲಸಕ್ಕೆ ಹೋದವನು ಅಲ್ಲಿಂದ ಹುಬ್ಬಳ್ಳಿ ಸೇರಿಕೊಂಡು ಇನ್ನೊಂದು ಸಂಸಾರ ಹೂಡಿದ್ದ. ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ತಾನು ಬರುವುದಿಲ್ಲ, ಅವಳ ದಾರಿ ಅವಳು ನೋಡಿಕೊಳ್ಳಲಿ ಎಂದು ಹಿರಿಯರಿಗೆ ಹೇಳಿ ಕಳಿಸಿದ.

ಇಂಥದ್ದಕ್ಕೆ ನಮ್ಮ ಜನದಲ್ಲಿ ದಾರಿ ಇತ್ತು. ಗಂಡ ಸತ್ತವಳಿಗೂ ಗಂಡ ಬಿಟ್ಟವಳಿಗೂ ಉಡಿಕೆ ಮಾಡುತ್ತಿದ್ದರು. ಚಪ್ಪರವಿಲ್ಲ, ಓಲಗವಿಲ್ಲ. ಹಿರಿಯರೂ ಮಠದ ಅಯ್ಯನವರೂ ಒಪ್ಪಿದರೆ ಗಂಡಸು ಒಂದು ಹೊಸ ಸೀರೆ ಕೊಡುತ್ತಾನೆ, ಹೆಂಗಸು ಅದನ್ನುಟ್ಟು ಬಂದು ಅವನ ಪಕ್ಕ ಕೂರುತ್ತಾಳೆ. ಅಲ್ಲಿಗೆ ಇಬ್ಬರೂ ಗಂಡಹೆಂಡಿರು. ಉಡಿಕೆಯವಳು ಮದುವೆಮನೆಯಲ್ಲಿ ಕಳಸ ಹಿಡಿಯುವಂತಿಲ್ಲ ಅನ್ನುವ ಒಂದು ಕೊಸರು ಇತ್ತು, ನಿಜ. ಆದರೆ ಹುಟ್ಟಿದ ಮಕ್ಕಳಿಗೆ ಯಾವ ಕುಂದೂ ಇರಲಿಲ್ಲ. ಅಷ್ಟೇಕೆ, ಅಕ್ಕನೇ ಉಡಿಕೆಯ ಮಗಳು. ಅವಳ ಅವ್ವನ ಮೊದಲ ಗಂಡ ವಾಂತಿಭೇದಿಯಲ್ಲಿ ಹೋಗಿದ್ದ. ಆಮೇಲೆ ಸೀರೆ ಕೊಟ್ಟು ಕರೆದುಕೊಂಡು ಬಂದವನು ಅಕ್ಕನ ಅಪ್ಪ. ಅದು ಬೀದಿಗೆಲ್ಲ ಗೊತ್ತಿದ್ದ ಸಂಗತಿ, ಯಾರೂ ಅದನ್ನು ಎತ್ತಿ ಆಡಿದವರಲ್ಲ.

ಆದಿವಾಲದಿಂದ ನಮ್ಮಲ್ಲಿಗೆ ಗಾಡಿಯಲ್ಲಿ ಕಾಯಿ ತರುವ ರೈತನೊಬ್ಬನಿದ್ದ. ಹೆಂಡತಿ ತೀರಿಕೊಂಡಿದ್ದಳು. ಕಾಯಿ ಇಳಿಸಿದ ಮೇಲೂ ಎತ್ತಿಗೆ ನೀರು ಕುಡಿಸುವ ನೆಪ ಹೂಡಿ ಗೋಡೆಯಾಚೆ ನಿಂತು ಕತೆ ಕೇಳುತ್ತಿದ್ದ. ಆ ಎತ್ತುಗಳು ನಿಜವಾಗಿ ಅಷ್ಟು ನೀರು ಕುಡಿದಿದ್ದರೆ ವೇದಾವತಿ ಹೊಳೆಯೇ ಬತ್ತಬೇಕಿತ್ತು. ಅವನ ಗಾಡಿ ಬಂದ ದಿನ ಅಕ್ಕನ ದನಿಯೂ ಜೋರಾಗುತ್ತಿತ್ತು. ನಾವು ಹುಡುಗಿಯರು ಒಬ್ಬರನ್ನೊಬ್ಬರು ತಿವಿದುಕೊಂಡು ನಗುತ್ತಿದ್ದೆವು.

ಅವನು ನಮ್ಮ ಅಜ್ಜಿಯ ಹತ್ತಿರ ಮರ್ಯಾದೆಯಿಂದಲೇ ಕೇಳಿದ. "ನೀವೊಂದು ಮಾತು ಕೇಳಿ ನೋಡ್ರಮ್ಮ. ಓದೋದು ಬಿಡು ಅಂತ ನಾನು ಅನ್ನಾಕಿಲ್ಲ. ಪುಸ್ತಕ ಬೇಕಂದ್ರೆ ದುರ್ಗದಿಂದ ತಂದ್ಕೊಡ್ತೀನಿ" ಅಂದ. ಅಜ್ಜಿ ಹಿರಿಯರನ್ನು ಒಪ್ಪಿಸಿದಳು. ಅಕ್ಕನ ಅವ್ವನಿಗಂತೂ ಹಿಡಿಸಲಾರದ ಸಂತೋಷ. ಅವನು ಮೊಳಕಾಲ್ಮೂರಿನ ಸೀರೆಯೊಂದನ್ನು ತಂದು ಅಜ್ಜಿಯ ಕೈಗೆ ಕೊಟ್ಟೂ ಹೋದ. ಇನ್ನು ಅಕ್ಕ ಒಪ್ಪುವುದೊಂದು ಬಾಕಿ. ಅವಳು ಬೇಡ ಅನ್ನಬಹುದು ಎಂದು ಯಾರಿಗೂ ತೋಚಿರಲಿಲ್ಲ.

ಮಧ್ಯಾಹ್ನ ಎಲ್ಲರೂ ಕೂತಿದ್ದಾಗ ಅಜ್ಜಿ ಸೀರೆಯನ್ನು ಅವಳ ಮುಂದಿಟ್ಟು, "ಏನವ್ವ, ಏನಂತೀಯ?" ಅಂದಳು. ಅಕ್ಕ ಪುಸ್ತಕದ ನಡುವೆ ಬೆರಳಿಟ್ಟುಕೊಂಡೇ ತಲೆ ಎತ್ತಿದಳು. ಸೀರೆಯ ಕಡೆ ನೋಡಿದಳು, ನೋಡಿದ್ದನ್ನು ನಾನು ಕಂಡೆ. ಆಮೇಲೆ ಓದುವ ದನಿಯಲ್ಲೇ, ಅಷ್ಟೇ ಸ್ಪಷ್ಟವಾಗಿ ಹೇಳಿದಳು: "ನಾನು ಅಂಥೋಳಲ್ಲಮ್ಮ. ಮಾನ ಇರೋ ಹೆಂಗ್ಸು ಕಾಯ್ತಾಳೆ. ಎರಡನೇ ಸೀರೆ ಉಡೋದು ಮಾನಗೆಟ್ಟೋರ ಕೆಲ್ಸ."

ಅಂಗಳದಲ್ಲಿ ಮಚ್ಚಿನ ಸದ್ದು ನಿಂತುಹೋಯಿತು. ಯಾರೂ ಅವಳ ಅವ್ವನ ಕಡೆ ನೋಡಲಿಲ್ಲ. ನೋಡದೆ ಇರುವುದೇ ನೋಡುವುದಕ್ಕಿಂತ ಹೆಚ್ಚಾಯಿತು. ಆ ತಾಯಿ ಕೈಲಿದ್ದ ಮಚ್ಚನ್ನು ಮೆಲ್ಲಗೆ ಕೆಳಗಿಟ್ಟಳು. ಮಡಿಲಿನ ಕರಟದ ಚೂರು ಕೊಡವಿದಳು. "ಬರ್ತೀನ್ರಮ್ಮ, ಒಲೆ ಮ್ಯಾಲೆ ಏನೋ ಇಟ್ಟು ಬಂದೀನಿ" ಎಂದು ಎದ್ದು ಹೋದಳು.

ಅಕ್ಕ ಮುಂದಕ್ಕೆ ಓದಿದಳು.

ಅವ್ವ ಆಮೇಲೆ ಕೆಲಸಕ್ಕೆ ಬರುತ್ತಿದ್ದಳು, ಆದರೆ ಹಿತ್ತಲ ಕಡೆ ನಾರು ಬಡಿಯುವವರ ಜತೆ ಕೂರುತ್ತಿದ್ದಳು. ಮಗಳ ಓದು ಕೇಳಲು ಮತ್ತೆ ಅಂಗಳಕ್ಕೆ ಬರಲಿಲ್ಲ. ಮನೆಯಲ್ಲಿ ಜಗಳವಾಯಿತೇ ಎಂದರೆ ಅದೂ ಇಲ್ಲ. ಅಡುಗೆ ಮಾಡಿ ಬಡಿಸುತ್ತಿದ್ದಳು, ಹಬ್ಬಕ್ಕೆ ಮಗಳ ತಲೆ ಬಾಚುತ್ತಿದ್ದಳು. ಜಗಳವಾಡಿದ್ದರೆ ಒಳ್ಳೆಯದಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಆದಿವಾಲದವನು ಒಂದು ವರ್ಷ ಕಾದು ನೋಡಿ ಬೇರೊಬ್ಬಳಿಗೆ ಸೀರೆ ಕೊಟ್ಟ. ಅವನ ಎತ್ತುಗಳಿಗೆ ನಮ್ಮ ಬೀದಿಯಲ್ಲಿ ಮತ್ತೆ ಬಾಯಾರಲಿಲ್ಲ. ಕತೆಗಳಲ್ಲಿ ಗಂಡ ಬಂದೇ ಬರುತ್ತಿದ್ದ. ಅಕ್ಕನ ಗಂಡ ಬರಲಿಲ್ಲ.

ನನಗೆ ಮದುವೆಯಾಗಿ, ಬಾಣಂತನಕ್ಕೆಂದು ಹಿರಿಯೂರಿಗೆ ಹೋದಾಗ ಅಕ್ಕನ ಅವ್ವ ತೀರಿಕೊಂಡಿದ್ದಳು. ಅಕ್ಕ ಕೂಸನ್ನು ನೋಡಲು ಬಂದಳು. ಕೂದಲು ಆಗಲೇ ನೆರೆತಿತ್ತು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟತೊಡಗಿದಳು.

"ಅವತ್ತು ಅವ್ವ ಎದ್ದು ಹೋದ್ಲಲ್ಲ" ಅಂದಳು, ಇದ್ದಕ್ಕಿದ್ದಂತೆ. "ನಾನು ಹಿಂದೆ ಹೋಗ್ಲಿಲ್ಲ ಕಣೆ. ಎಲ್ಲಿ ನಿಲ್ಸಿದ್ನೋ ಅಲ್ಲಿಂದ ಓದ್ಕಂಡು ಹೋದೆ."

"ಆಮೇಲಾದ್ರೂ ಒಂದು ಮಾತು ಕೇಳ್ಬೌದಿತ್ತಲ್ಲಕ್ಕ, ತಪ್ಪಾಯ್ತು ಅಂತ" ಅಂದೆ.

"ಕೇಳಿದ್ರೆ ಹೋಗ್ಲಿ ಬಿಡು ಅಂತಿದ್ಲು. ಅದು ಗೊತ್ತಿತ್ತು. ಅದಕ್ಕೇ ಕೇಳಾಕೆ ಬಾಯಿ ಬರ್ಲಿಲ್ಲ."

ಆದಿವಾಲದವನ ವಿಷಯ ಅವಳು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಆ ದುಃಖವೂ ಇತ್ತು, ಇಲ್ಲದೆ ಏನು? ಅದಕ್ಕಿಂತ ದೊಡ್ಡದೊಂದು ಅದರ ಮೇಲೆ ಕೂತಿತ್ತು.

ಅಕ್ಕ ತೀರಿಹೋಗಿ ಬಹಳ ವರ್ಷವಾಯಿತು. ನಮ್ಮ ಅಂಗಳವೂ ಈಗ ಬೇರೆಯವರದು. ನನಗೆ ಅಕ್ಷರ ಕಲಿಸಿದವಳು ಅವಳೇ, ಹಾಗಾಗಿ ಸಿಕ್ಕಿದ ಕತೆಗಳನ್ನೆಲ್ಲ ಓದಿದ್ದೇನೆ. ಕಾದು ಸತ್ತವಳು ಸಿಕ್ಕಿದ್ದಾಳೆ, ಕಾಯದೆ ಕೆಟ್ಟವಳು ಸಿಕ್ಕಿದ್ದಾಳೆ. ಗಂಡ ಸತ್ತ ಮೇಲೆ ಇನ್ನೊಬ್ಬನ ಕೈ ಹಿಡಿದು, ಮಗಳನ್ನು ಹೆತ್ತು, ನಾಲ್ಕು ಜನರ ನಡುವೆ ತಲೆ ಎತ್ತಿ ಬಾಳಿದವಳು ಮಾತ್ರ ಯಾವ ಪುಟದಲ್ಲೂ ಸಿಗಲಿಲ್ಲ. ಅಂಥವಳ ಕತೆಯನ್ನು ಯಾರಾದರೂ ಬರೆದಿದ್ದರೆ ಅಕ್ಕ ಅದನ್ನೂ ಓದುತ್ತಿದ್ದಳು. ಓದಿದ್ದನ್ನೆಲ್ಲ ನಂಬುತ್ತಿದ್ದವಳು, ಅದನ್ನೂ ನಂಬುತ್ತಿದ್ದಳು.